ಕೊಲ್ಲಿಯ ದಂಡೆಯಲ್ಲೊಂದು ಸೈಕಲ್ ದಾರಿ

ಕಡಲ ಊರಿನಲ್ಲಿ ಹುಟ್ಟಿ ಬೆಳೆದವರಿಗೂ ಕಡಲು ಸುಲಭವಾಗಿ ಸಿಗುವುದಿಲ್ಲ. ರಾತ್ರಿ ಮಲಗಿದರೆ ಅಲೆಗಳ ಸದ್ದು ಕೇಳಿಸುತ್ತದೆ. ಆದರೆ ಮನೆಗೂ ನೀರಿಗೂ ನಡುವೆ ಯಾರದೋ ಕಾಂಪೌಂಡು, ಕಾರ್ಖಾನೆಯ ಬೇಲಿ, ಕಸದ ರಾಶಿ ಅಡ್ಡ ನಿಂತಿರುತ್ತವೆ. ಗಂಡಸರು ಹೇಗೋ ದಾರಿ ಮಾಡಿಕೊಂಡು ಹೋಗಿ ಬರುತ್ತಾರೆ. ಹೆಣ್ಣು ಮಕ್ಕಳು ಈದ್‌ನ ಮರುದಿನ ಮನೆಯವರೊಂದಿಗೆ ಹೋಗಿ ಒಂದು ಗಂಟೆ ಮರಳಿನ ಮೇಲೆ ಕುಳಿತು ಬಂದರೆ ಅದೇ ದೊಡ್ಡ ಸಂಭ್ರಮ. ಅಲ್ಲಾಹನು ಎಲ್ಲರಿಗಾಗಿ ಸೃಷ್ಟಿಸಿದ ನೀರು ಎಲ್ಲರ ಕಣ್ಣಿಗೂ ಬೀಳಬೇಕಾದರೆ ಮನುಷ್ಯರು ಒಂದಿಷ್ಟು ದುಡಿಯಬೇಕಾಗುತ್ತದೆ.

ಅಂತಹ ದುಡಿಮೆಯ ಫಲವೊಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ, ನೀರಿನ ಅಂಚಿನಲ್ಲೇ, ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಮೀಸಲಾದ ದಾರಿಯದು. ‘ಬೇ ಟ್ರೇಲ್’ ಎಂದು ಅದರ ಹೆಸರು. ಅದರ ಹಿಂದೆ ಮೂವರು ಗೃಹಿಣಿಯರ ಕತೆಯಿದೆ. ಆ ಕತೆಗಿಂತ ಮೊದಲು ದಾರಿಯ ಪರಿಚಯ ಮಾಡಿಕೊಳ್ಳೋಣ.

ಎಂಟುನೂರು ಕಿಲೋಮೀಟರಿನ ಉಂಗುರ

ಪೆಸಿಫಿಕ್ ಮಹಾಸಾಗರದ ನೀರು ಗೋಲ್ಡನ್ ಗೇಟ್ ಎಂಬ ಕಿರಿದಾದ ಬಾಯಿಯಿಂದ ಒಳಗೆ ಬಂದು ಉತ್ತರಕ್ಕೂ ದಕ್ಷಿಣಕ್ಕೂ ಹರಡಿಕೊಂಡಿರುವ ವಿಶಾಲವಾದ ಹಿನ್ನೀರೇ ಈ ಕೊಲ್ಲಿ. ಅದರ ದಂಡೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಬರ್ಕ್ಲಿ, ಸ್ಯಾನ್ ಹೋಸೆ ಮುಂತಾದ ನಗರಗಳಿವೆ. ಈ ಕೊಲ್ಲಿಯನ್ನು ಉಂಗುರದಂತೆ ಸುತ್ತುವ ದಾರಿಯನ್ನು ನಿರ್ಮಿಸಬೇಕೆಂದು 1987ರಲ್ಲಿ ರಾಜ್ಯದ ಶಾಸನಸಭೆ ಕಾನೂನು ಮಾಡಿತು. 1989ರಲ್ಲಿ ಅದರ ನಕ್ಷೆ ಸಿದ್ಧವಾಯಿತು. ಒಟ್ಟು 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಉದ್ದದ ದಾರಿ. ಒಂಬತ್ತು ಕೌಂಟಿಗಳು, 47 ನಗರಗಳು. ಈವರೆಗೆ 350 ಮೈಲಿಗೂ ಹೆಚ್ಚು, ಅಂದರೆ 560 ಕಿಲೋಮೀಟರಿಗೂ ಮೀರಿ ದಾರಿ ಸಿದ್ಧವಾಗಿದೆ. ಹೆಚ್ಚಿನ ಕಡೆ ಡಾಂಬರು, ಕೆಲವೆಡೆ ಜಲ್ಲಿ, ಇನ್ನು ಕೆಲವೆಡೆ ಸೇತುವೆಗಳ ಮೇಲೆ ಕಾರುಗಳ ಪಕ್ಕದಲ್ಲೇ ಗೋಡೆಯಿಂದ ಬೇರ್ಪಡಿಸಿದ ಪಟ್ಟಿ. ಟಿಕೆಟ್ ಇಲ್ಲ, ಗೇಟು ಕಾಯುವವನಿಲ್ಲ.

ಕೊಲ್ಲಿಯ ದಕ್ಷಿಣ ತುದಿ ಸಾಫ್ಟ್‌ವೇರ್ ಕಂಪೆನಿಗಳ ನಾಡು. ಫ್ರೀಮಾಂಟ್, ಸನಿವೇಲ್, ಸಾಂಟಾ ಕ್ಲಾರಾ, ಮೌಂಟನ್ ವ್ಯೂ – ಈ ಊರುಗಳಲ್ಲಿ ಕನ್ನಡಿಗರ ಮನೆಗಳು ಬೇಕಾದಷ್ಟಿವೆ. ನಮ್ಮ ಕಡೆಯ ಎಷ್ಟೋ ತಾಯಂದಿರು ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಅಲ್ಲಿಗೆ ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ಹೋದವರೆಲ್ಲರೂ ಹೇಳುವ ಮಾತು ಒಂದೇ: “ಎಲ್ಲ ಇದೆ, ಆದರೆ ಕಾರು ಓಡಿಸಲು ಬಾರದಿದ್ದರೆ ಮನೆಯೇ ಜೈಲು.” ಮಗಳು ಅಳಿಯ ಕೆಲಸಕ್ಕೆ ಹೋದರೆ ಹಗಲಿಡೀ ಮಗು, ತೊಟ್ಟಿಲು, ಟಿ.ವಿ. ಬೀದಿಯಲ್ಲಿ ಮಾತನಾಡಲು ಒಬ್ಬರೂ ಸಿಗುವುದಿಲ್ಲ.

ನಾನೂ ಮಗಳ ಬಾಣಂತನಕ್ಕೆಂದೇ ಫ್ರೀಮಾಂಟ್‌ಗೆ ಹೋದವಳು. ಮಗುವಿಗೆ ನಲವತ್ತು ತುಂಬಿದ ಮೇಲೆ ಒಂದು ಭಾನುವಾರ ಮಗಳು, “ಉಮ್ಮಾ, ಮಗುವನ್ನು ಅವರು ನೋಡಿಕೊಳ್ಳುತ್ತಾರೆ. ನಾವಿಬ್ಬರೂ ಸೈಕಲ್‌ನಲ್ಲಿ ಹೋಗಿ ಬರೋಣ” ಎಂದಳು. ನಾನು ಸೈಕಲ್ ಮುಟ್ಟಿ ನಲವತ್ತು ವರ್ಷವಾಗಿತ್ತು. ಏಳನೇ ತರಗತಿಯವರೆಗೆ ಗಂಟೆಯ ಬಾಡಿಗೆಯ ಸೈಕಲನ್ನು ಅಣ್ಣನ ಜೊತೆ ಹಂಚಿಕೊಂಡು ತುಳಿದವಳು. ಆಮೇಲೆ “ಇನ್ನು ಸಾಕು” ಎಂದು ಮನೆಯಲ್ಲಿ ಹೇಳಿದರು, ಸಾಕಾಯಿತು. ಆದರೆ ಈಜು ಮತ್ತು ಸೈಕಲ್ ಒಮ್ಮೆ ಕಲಿತರೆ ಮೈ ಮರೆಯುವುದಿಲ್ಲ ಎಂದು ಹಿರಿಯರು ಹೇಳುವುದು ಸುಳ್ಳಲ್ಲ.

ಏರಿಯ ಮೇಲಿನ ಸವಾರಿ

ಫ್ರೀಮಾಂಟ್ ನಗರದ ಮೂಲೆಯಲ್ಲಿ ನೈಲ್ಸ್ ಎಂಬ ಹಳೆಯ ಪೇಟೆಯಿದೆ. ಚಾರ್ಲಿ ಚಾಪ್ಲಿನ್ 1915ರಲ್ಲಿ ‘ದಿ ಟ್ರ್ಯಾಂಪ್’ ಎಂಬ ಮೂಕಿ ಚಿತ್ರ ತೆಗೆದದ್ದು ಇಲ್ಲಿಯೇ. ಬೆಟ್ಟದಿಂದ ಇಳಿದು ಬರುವ ಅಲಮೇಡಾ ತೊರೆ ಇಲ್ಲಿಂದ ಕೊಲ್ಲಿಯ ಕಡೆಗೆ ಹರಿಯುತ್ತದೆ. ನೆರೆ ತಡೆಯಲು ತೊರೆಯ ಎರಡೂ ಬದಿಗೆ ಏರಿ ಕಟ್ಟಿದ್ದಾರೆ. ಆ ಏರಿಯ ಮೇಲೆಯೇ ದಾರಿ. ದಕ್ಷಿಣದ ಏರಿಗೆ ಡಾಂಬರು ಹಾಕಿ ಸೈಕಲ್ಲಿಗೆ ಅನುಕೂಲ ಮಾಡಿದ್ದಾರೆ. ಉತ್ತರದ ಏರಿ ಮಣ್ಣಿನದು, ಕುದುರೆ ಸವಾರರೂ ಅಲ್ಲಿ ಹೋಗುತ್ತಾರೆ. ಉದ್ದ ಸುಮಾರು 19 ಕಿಲೋಮೀಟರ್.

ಈ ದಾರಿಯ ಜಾಣತನ ಇರುವುದು ರಸ್ತೆಗಳು ಅಡ್ಡ ಬರುವ ಕಡೆಯಲ್ಲಿ. ದೊಡ್ಡ ರಸ್ತೆ ಬಂದಾಗ ದಾರಿಯು ತೊರೆಯ ಪಕ್ಕದಲ್ಲೇ ಇಳಿದು ಸೇತುವೆಯ ಕೆಳಗಿನಿಂದ ಹಾದು ಮತ್ತೆ ಮೇಲೇರುತ್ತದೆ. ತಲೆಯ ಮೇಲೆ ಲಾರಿಗಳು ಗುಡುಗುತ್ತಿರುತ್ತವೆ, ನಮಗೆ ಅವುಗಳ ಹಂಗಿಲ್ಲ. ಏಳೆಂಟು ವರ್ಷದ ಮಕ್ಕಳು ಧೈರ್ಯವಾಗಿ ಮುಂದೆ ಹೋಗುತ್ತಿದ್ದರೆ ತಾಯಂದಿರು ಹಿಂದಿನಿಂದ ನಿಧಾನವಾಗಿ ಬರುವುದನ್ನು ಅಲ್ಲಿ ಕಾಣಬಹುದು. ಕೈ ಹಿಡಿದು ಎಳೆಯುವ ಅಗತ್ಯವಿಲ್ಲ, “ಲೋ, ಬದಿಗೆ ಬಾ” ಎಂದು ಕಿರುಚುವ ಅಗತ್ಯವಿಲ್ಲ. ಮಕ್ಕಳ ಬಗ್ಗೆ ಹೆದರಿಕೆಯಿಲ್ಲದೆ ಹೊರಗೆ ಒಂದು ಗಂಟೆ ಕಳೆಯುವುದು ಎಷ್ಟು ದೊಡ್ಡ ನೆಮ್ಮದಿ ಎಂಬುದು ತಾಯಿಯಾದವಳಿಗೇ ಗೊತ್ತು.

ದಾರಿ ಕೊಲ್ಲಿಯನ್ನು ಸಮೀಪಿಸಿದಾಗ ಎಡಗಡೆ ಕಯೋಟಿ ಹಿಲ್ಸ್ ಎಂಬ ಹುಲ್ಲು ಗುಡ್ಡಗಳು ಕಾಣಿಸುತ್ತವೆ. ಮಳೆಗಾಲ ಮುಗಿದ ಹೊಸತರಲ್ಲಿ ಹಸಿರು, ಬೇಸಿಗೆಯಲ್ಲಿ ಗೋಧಿಯ ಬಣ್ಣ. ಇಲ್ಲಿ ಓಲೋನಿ ಎಂಬ ಮೂಲನಿವಾಸಿಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಬಾಳಿದ ಹಳ್ಳಿಯ ಕುರುಹು ಇದೆ. ಅವರು ತಿಂದು ಎಸೆದ ಚಿಪ್ಪುಗಳೇ ಕಾಲಾಂತರದಲ್ಲಿ ದಿಬ್ಬವಾಗಿವೆ. ಮರುವಾಯಿ ಚಿಪ್ಪನ್ನು ಹಿತ್ತಲಲ್ಲಿ ರಾಶಿ ಹಾಕುವ ನಮ್ಮ ಕರಾವಳಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗುಡ್ಡದ ಸುತ್ತ ಡಾಂಬರು ಹಾಕಿದ ಐದಾರು ಕಿಲೋಮೀಟರಿನ ಸುತ್ತುದಾರಿ ಇದೆ. ಏರು ಬಂದ ಕಡೆ ಸೈಕಲ್ ಇಳಿದು ತಳ್ಳಿದರೆ ಯಾರೂ ನಗುವುದಿಲ್ಲ.

ಉಪ್ಪಿನ ಆಗರಗಳ ನಡುವೆ

ಗುಡ್ಡದ ಮೇಲಿನಿಂದ ನೋಡಿದರೆ ಕೊಲ್ಲಿಯ ಅಂಚಿನಲ್ಲಿ ಚೌಕ ಚೌಕವಾದ ಕೊಳಗಳು ಕಾಣುತ್ತವೆ. ಕೆಲವು ನೀಲಿ, ಕೆಲವು ಕಂದು, ಇನ್ನು ಕೆಲವು ಗುಲಾಬಿ. ಯಾರೋ ಶರಬತ್ತು ಚೆಲ್ಲಿದಂತೆ ತೋರುವ ಈ ಬಣ್ಣಕ್ಕೆ ಕಾರಣ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಮಾಡುವಂತೆಯೇ ಇಲ್ಲಿಯೂ ಸಮುದ್ರದ ನೀರನ್ನು ಕಟ್ಟೆಗಳ ಒಳಗೆ ಬಿಟ್ಟು, ಬಿಸಿಲಿಗೆ ಆರಿಸಿ, ಒಂದು ಕೊಳದಿಂದ ಇನ್ನೊಂದಕ್ಕೆ ಹರಿಸುತ್ತಾ ಉಪ್ಪು ತೆಗೆಯುತ್ತಾರೆ. ನೀರು ಹೆಚ್ಚು ಉಪ್ಪಾದಂತೆ ಅದರಲ್ಲಿ ಬದುಕುವ ಸೂಕ್ಷ್ಮ ಜೀವಿಗಳು ಬದಲಾಗುತ್ತವೆ, ನೀರಿನ ಬಣ್ಣವೂ ಬದಲಾಗುತ್ತದೆ. ತೀರಾ ಉಪ್ಪಾದ ನೀರಿನಲ್ಲಿ ಕೆಂಪು ಬಣ್ಣದ ಜೀವಿಗಳು ತುಂಬಿಕೊಳ್ಳುತ್ತವೆ.

ಇಲ್ಲಿ ಉಪ್ಪಿನ ಉದ್ಯಮ ಹತ್ತೊಂಬತ್ತನೇ ಶತಮಾನದಿಂದಲೂ ಇದೆ. ಅದಕ್ಕಾಗಿ ಕೊಲ್ಲಿಯ ಅಂಚಿನ ಜೌಗು ನೆಲಕ್ಕೆ ಕಟ್ಟೆ ಹಾಕಲಾಯಿತು. ಜೌಗು ಹೋದಾಗ ಅದನ್ನು ನಂಬಿದ ಮೀನು ಮರಿಗಳೂ ಹಕ್ಕಿಗಳೂ ಹೋದವು. 2003ರಲ್ಲಿ ಸರ್ಕಾರಗಳು ಉಪ್ಪಿನ ಕಂಪೆನಿಯಿಂದ 15,100 ಎಕರೆ ಕೊಳಗಳನ್ನು ಪಡೆದುಕೊಂಡವು. ಅಂದಿನಿಂದ ಒಂದೊಂದಾಗಿ ಕಟ್ಟೆ ಒಡೆದು ಸಮುದ್ರದ ಉಬ್ಬರವಿಳಿತವನ್ನು ಒಳಗೆ ಬಿಡುತ್ತಿದ್ದಾರೆ. ನೀರು ಹೂಳು ತರುತ್ತದೆ, ಹೂಳಿನಲ್ಲಿ ಹುಲ್ಲು ಹುಟ್ಟುತ್ತದೆ, ಹುಲ್ಲಿಗೆ ಹಕ್ಕಿ ಬರುತ್ತದೆ. ಪೂರ್ತಿಯಾಗಲು ಐವತ್ತು ವರ್ಷ ಬೇಕೆಂದು ಮೊದಲೇ ಹೇಳಿಯೇ ಕೆಲಸ ಆರಂಭಿಸಿದ್ದಾರೆ. ಅಷ್ಟು ತಾಳ್ಮೆಯಿರುವ ಸರ್ಕಾರಿ ಯೋಜನೆಗಳು ಅಪರೂಪ.

ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ದಾರಿಯ ಪಕ್ಕದಲ್ಲೇ ನೀರು ಕೆದಕುತ್ತಿರುತ್ತವೆ. ಹೆಜ್ಜಾರ್ಲೆಗಳು ಗುಂಪಾಗಿ ತೇಲುತ್ತವೆ. ಉಪ್ಪು ಜೌಗಿನ ಹುಲ್ಲಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಇಲಿ ಬದುಕುತ್ತದೆ. ಪ್ರಪಂಚದಲ್ಲಿ ಈ ಕೊಲ್ಲಿಯ ಸುತ್ತ ಬಿಟ್ಟರೆ ಬೇರೆಲ್ಲೂ ಆ ಇಲಿ ಇಲ್ಲ. ಅದಕ್ಕಾಗಿ, ಆ ಹಕ್ಕಿಗಳಿಗಾಗಿ 1970ರ ದಶಕದಲ್ಲೇ ಇಲ್ಲಿ ರಾಷ್ಟ್ರೀಯ ವನ್ಯಜೀವಿ ಆಶ್ರಯ ಸ್ಥಾಪನೆಯಾಗಿದೆ.

ಸೇತುವೆಯ ಮೇಲೆ

ಗುಡ್ಡಗಳಿಂದ ಸ್ವಲ್ಪ ದೂರ ಕಚ್ಚಾ ದಾರಿಯಲ್ಲಿ ಹೋದರೆ ವನ್ಯಜೀವಿ ಆಶ್ರಯ ಸಿಗುತ್ತದೆ. ಅಲ್ಲಿಂದ ಮುಂದೆ ಡಂಬಾರ್ಟನ್ ಸೇತುವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಅಡ್ಡಲಾಗಿ ವಾಹನಗಳಿಗೆಂದು ಕಟ್ಟಿದ ಮೊದಲ ಸೇತುವೆ ಇದೇ ಜಾಗದಲ್ಲಿ 1927ರಲ್ಲಿ ತೆರೆಯಿತು. ಈಗಿನ ಸೇತುವೆ 1982ರದು. ಉದ್ದ 2.6 ಕಿಲೋಮೀಟರ್. ಅದನ್ನು ಕಟ್ಟುವಾಗಲೇ ದಕ್ಷಿಣ ಬದಿಗೆ ನಡೆಯುವವರಿಗೂ ಸೈಕಲ್‌ನವರಿಗೂ ಪ್ರತ್ಯೇಕ ದಾರಿ ಮಾಡಿದರು. ಕಾರುಗಳಿಗೂ ನಮಗೂ ನಡುವೆ ಕಾಂಕ್ರೀಟಿನ ಗೋಡೆ, ನಮಗೂ ನೀರಿಗೂ ನಡುವೆ ಕಂಬಿ.

ಸೇತುವೆ ಮಧ್ಯದಲ್ಲಿ ನೀರಿನಿಂದ ಸುಮಾರು 26 ಮೀಟರ್ ಎತ್ತರಕ್ಕೆ ಏರುತ್ತದೆ. ಏರು ಉದ್ದವಾಗಿರುವುದರಿಂದ ಕಡಿದಾಗಿ ತೋರುವುದಿಲ್ಲ. ಆದರೆ ತೊಡೆಗಳಿಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ಕಾರುಗಳ ಸದ್ದು ಜೋರಾಗಿಯೇ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೆತ್ತಿಗೆ ತಲುಪಿ ನಿಂತು ದಕ್ಷಿಣಕ್ಕೆ ನೋಡಿದರೆ 1910ರಲ್ಲಿ ಕಟ್ಟಿದ, ಈಗ ರೈಲು ಓಡದ ಹಳೆಯ ರೈಲು ಸೇತುವೆ ತುಕ್ಕು ಹಿಡಿದು ನಿಂತಿದೆ. ಎರಡೂ ಕಡೆ ಬೆಟ್ಟದ ಸಾಲು, ನಡುವೆ ತಟ್ಟೆಯಂತಹ ನೀರು. ಆಚೆ ದಡದಲ್ಲಿ ಮೆನ್ಲೊ ಪಾರ್ಕ್. ಫೇಸ್‌ಬುಕ್ ಕಂಪೆನಿಯ ಕಚೇರಿ ಇರುವುದು ಅಲ್ಲಿಯೇ, ಜೌಗಿಗೆ ಅಂಟಿಕೊಂಡಂತೆ. ಸೈಕಲ್‌ನಲ್ಲಿ ಕೊಲ್ಲಿ ದಾಟಿ ಕೆಲಸಕ್ಕೆ ಹೋಗುವವರು ಬೆಳಗ್ಗೆ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿರುತ್ತಾರೆ. ಹಿಂದಿನಿಂದ ಗಂಟೆ ಬಾರಿಸಿ, “ನಿಮ್ಮ ಎಡಕ್ಕೆ ಬರುತ್ತಿದ್ದೇನೆ” ಎಂದು ಕೂಗಿ ಹೇಳುವುದು ಅಲ್ಲಿಯ ಪದ್ಧತಿ. ಅಲ್ಲಿ ಸಂಚಾರ ಬಲಬದಿಗೆ ಎಂಬುದನ್ನು ನಾವು ನೆನಪಿಡಬೇಕು.

ಮೂವರು ಹೆಂಗಸರು ಕೇಳಿದ ಪ್ರಶ್ನೆ

ಇಷ್ಟು ಚೆಂದದ ದಂಡೆ ಮೊದಲಿನಿಂದಲೂ ಹೀಗೇ ಇತ್ತೆಂದು ತಿಳಿದರೆ ಅದು ತಪ್ಪು. 1960ರ ಸುಮಾರಿಗೆ ಈ ಇಡೀ ಕೊಲ್ಲಿಯ ಸುತ್ತ ಸಾರ್ವಜನಿಕರು ನೀರಿನ ಹತ್ತಿರ ಹೋಗಬಹುದಾಗಿದ್ದ ದಂಡೆ ಹತ್ತು ಕಿಲೋಮೀಟರ್ ಕೂಡ ಇರಲಿಲ್ಲ. ಉಳಿದದ್ದೆಲ್ಲ ಕಾರ್ಖಾನೆ, ಹೆದ್ದಾರಿ, ಕಸದ ಗುಂಡಿ. ಊರೂರುಗಳು ತಮ್ಮ ಕಸವನ್ನು ಕೊಲ್ಲಿಯ ಅಂಚಿಗೆ ಸುರಿಯುತ್ತಿದ್ದವು. ಕೊಲ್ಲಿಯ ಬಹುಭಾಗ ಆಳವಿಲ್ಲದ್ದು. ಮಣ್ಣು ತುಂಬಿಸಿದರೆ ಕೋಟ್ಯಂತರ ಬೆಲೆಯ ನಿವೇಶನ. ಆಗಲೇ ಮೂಲ ಕೊಲ್ಲಿಯ ಸುಮಾರು ಮೂರನೇ ಒಂದು ಭಾಗ ಕಟ್ಟೆಯ ಒಳಗೆ ಅಥವಾ ಮಣ್ಣಿನ ಅಡಿಗೆ ಹೋಗಿಯಾಗಿತ್ತು.

1959ರ ಕೊನೆಗೆ ಓಕ್ಲೆಂಡಿನ ಪತ್ರಿಕೆಯೊಂದರಲ್ಲಿ ಒಂದು ನಕ್ಷೆ ಪ್ರಕಟವಾಯಿತು. ಸೇನೆಯ ಎಂಜಿನಿಯರುಗಳು ತಯಾರಿಸಿದ್ದ ಆ ನಕ್ಷೆಯ ಪ್ರಕಾರ ತುಂಬಿಸುವ ಕೆಲಸ ಹೀಗೇ ನಡೆದರೆ 2020ರ ಹೊತ್ತಿಗೆ ಕೊಲ್ಲಿಯಾಗಿ ಉಳಿಯುವುದು ಹಡಗು ಹೋಗುವಷ್ಟು ಅಗಲದ ಕಾಲುವೆ ಮಾತ್ರ. ಸಾವಿರಾರು ಜನ ಪತ್ರಿಕೆ ಓದಿ ಮಡಚಿಟ್ಟರು. ಗುಡ್ಡದ ಮೇಲಿನ ಮನೆಗಳಲ್ಲಿದ್ದ ಮೂವರು ಹೆಂಗಸರಿಗೆ ಮಾತ್ರ ಅದು ಮನಸ್ಸಿನಿಂದ ಹೋಗಲಿಲ್ಲ. ಕೇ ಕೆರ್, ಸಿಲ್ವಿಯಾ ಮೆಕ್ಲಾಫ್ಲಿನ್ ಮತ್ತು ಎಸ್ತರ್ ಗ್ಯೂಲಿಕ್ – ಇವರೇ ಆ ಮೂವರು. ಬರ್ಕ್ಲಿ ನಗರವೇ ಸುಮಾರು 2,000 ಎಕರೆ ಕೊಲ್ಲಿಯನ್ನು ತುಂಬಿಸಿ ಊರನ್ನು ಹೆಚ್ಚು ಕಡಿಮೆ ಎರಡರಷ್ಟು ಮಾಡಲು ಹೊರಟಿತ್ತು.

1961ರ ಜನವರಿಯಲ್ಲಿ ಅವರು ಊರಿನ ಹೆಸರಾಂತ ಪರಿಸರ ಸಂಘಟನೆಗಳ ಮುಖಂಡರನ್ನು ಎಸ್ತರ್ ಮನೆಗೆ ಕರೆದು ವಿಷಯ ಮುಂದಿಟ್ಟರು. ಬಂದವರೆಲ್ಲ ಒಪ್ಪಿದರು: ಹೌದು, ದೊಡ್ಡ ಅನಾಹುತ. ಆದರೆ ಒಬ್ಬರಿಗೆ ಮರಗಳನ್ನು ಉಳಿಸುವ ಕೆಲಸ, ಇನ್ನೊಬ್ಬರಿಗೆ ಹಕ್ಕಿಗಳ ಕೆಲಸ, ಮತ್ತೊಬ್ಬರಿಗೆ ಕಾಡಿನ ಕೆಲಸ. ಯಾರಿಗೂ ಪುರುಸೊತ್ತಿಲ್ಲ. “ನೀವೇ ಒಂದು ಹೊಸ ಸಂಘ ಕಟ್ಟಿ, ನಮ್ಮ ಸದಸ್ಯರ ವಿಳಾಸಗಳನ್ನು ಕೊಡುತ್ತೇವೆ” ಎಂದು ಶುಭ ಹಾರೈಸಿ ಹೊರಟರು. ಸಭೆ ಸಮಾರಂಭಗಳಲ್ಲಿ ಓಡಾಡುವ ನಮ್ಮ ಹೆಂಗಸರಿಗೆ ಈ ಶುಭ ಹಾರೈಕೆಯ ಅರ್ಥ ಚೆನ್ನಾಗಿ ಗೊತ್ತಿದೆ!

ಮೂವರೂ ಹಿಂದೆಗೆಯಲಿಲ್ಲ. ಕೊಲ್ಲಿ ಉಳಿಸುವ ಸಂಘ ಕಟ್ಟಿದರು. ಸದಸ್ಯತ್ವ ಶುಲ್ಕ ವರ್ಷಕ್ಕೆ ಒಂದು ಡಾಲರ್. ಮನೆಯಿಂದಲೇ ಪತ್ರಗಳು ಹೋದವು. ಸದಸ್ಯರು ಸಾವಿರಾರು ಮಂದಿಯಾದರು. ಅವರ ಗಂಡಂದಿರು ವಿಶ್ವವಿದ್ಯಾನಿಲಯದ ಗಣ್ಯರು. ಕೇ ಅವರ ಗಂಡ ಅದರ ಅಧ್ಯಕ್ಷರೇ ಆಗಿದ್ದರು. ಹಾಗಾಗಿ ಪರಿಚಯದ ಬಲ ಇತ್ತೆಂಬುದು ನಿಜ. ಆದರೆ ಅಂತಹ ಪರಿಚಯವಿದ್ದ ಹೆಂಗಸರು ಆ ಊರಿನಲ್ಲಿ ಬೇಕಾದಷ್ಟಿದ್ದರು. ಪುರಸಭೆಯ ಸಭೆಗಳಿಗೆ ತಪ್ಪದೆ ಹೋಗಿ, ಕಾಗದ ಪತ್ರ ಓದಿ, ಲೆಕ್ಕ ಕೇಳಿದವರು ಈ ಮೂವರು. ಅವರು ಕೇಳುತ್ತಿದ್ದ ಪ್ರಶ್ನೆಯ ತಿರುಳು ಇಷ್ಟೇ: ಈ ನೀರು ಯಾರದು? ಅದನ್ನು ಮಾರಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಕೆಲವೇ ವರ್ಷಗಳಲ್ಲಿ ಬರ್ಕ್ಲಿ ನಗರ ತನ್ನ ಯೋಜನೆ ಕೈಬಿಟ್ಟಿತು. ಕಾನೂನು ಬೇಕೆಂದು ಒತ್ತಾಯಿಸಿ ಜನರು ಶಾಸಕರಿಗೆ ಮರಳಿನ ಪುಟ್ಟ ಚೀಲಗಳನ್ನು ಕಳಿಸಿದರು. 1965ರಲ್ಲಿ ಕೊಲ್ಲಿಯನ್ನು ತುಂಬಿಸಲು ಅನುಮತಿ ಕಡ್ಡಾಯಗೊಳಿಸುವ ಆಯೋಗ ರಚನೆಯಾಯಿತು. 1969ರಲ್ಲಿ ಅದು ಶಾಶ್ವತವಾಯಿತು. ಕೊಲ್ಲಿ ಕುಗ್ಗುವುದು ನಿಂತಿತು; ಕಟ್ಟೆಗಳು ಒಡೆದಂತೆ ಈಗ ಅದು ಮತ್ತೆ ಹಿಗ್ಗುತ್ತಿದೆ.

ನಮ್ಮ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ನೀರನ್ನು ತುಂಬಿಸಿ ನೆಲ ಮಾಡುವ ಆಸೆಗೆ ದೇಶಭಾಷೆಗಳ ಭೇದವಿಲ್ಲ.

ಕಾನೂನು ಕಟ್ಟಿದ ದಾರಿ

ಆ ಆಯೋಗಕ್ಕೆ ಇನ್ನೊಂದು ಅಧಿಕಾರವೂ ಇದೆ. ದಂಡೆಯಿಂದ ನೂರು ಅಡಿ ಒಳಗಿನವರೆಗೆ ಯಾರು ಏನು ಕಟ್ಟಬೇಕಾದರೂ ಅದರ ಅನುಮತಿ ಬೇಕು. ಅನುಮತಿ ಕೊಡುವಾಗ ಸಾಧ್ಯವಾದಷ್ಟು ಹೆಚ್ಚಿನ ಸಾರ್ವಜನಿಕ ಪ್ರವೇಶ ಇರಲೇಬೇಕೆಂದು ಅದು ಷರತ್ತು ಹಾಕುತ್ತದೆ. ಹೀಗಾಗಿ ಹೋಟೆಲು ಕಟ್ಟಿದವನೂ, ಕಚೇರಿ ಕಟ್ಟಿದವನೂ ನೀರಿನ ಬದಿಗೆ ದಾರಿ ಬಿಟ್ಟುಕೊಡಬೇಕಾಯಿತು. ಈ ತುಂಡುಗಳನ್ನು ಒಂದಕ್ಕೊಂದು ಪೋಣಿಸುವ ಕೆಲಸವನ್ನು ಬೇ ಟ್ರೇಲ್ ಮಾಡುತ್ತಿದೆ. ಹಳೆಯ ಕಸದ ಗುಂಡಿಗಳ ಮೇಲೂ ಮಣ್ಣು ಮುಚ್ಚಿ ಉದ್ಯಾನ ಮಾಡಿದ್ದಾರೆ. ಬರ್ಕ್ಲಿಯಲ್ಲಿ ಮಕ್ಕಳು ಗಾಳಿಪಟ ಹಾರಿಸುವ ಸೀಸರ್ ಚಾವೆಜ್ ಉದ್ಯಾನದ ಅಡಿಯಲ್ಲಿರುವುದು ಊರಿನ ಹಳೆಯ ಕಸವೇ. ಅಲ್ಲಿಯ ದಂಡೆಯ ಉದ್ದನೆಯ ಉದ್ಯಾನಕ್ಕೆ 2012ರಲ್ಲಿ ಸಿಲ್ವಿಯಾ ಮೆಕ್ಲಾಫ್ಲಿನ್ ಅವರ ಹೆಸರಿಟ್ಟರು. ಅವರು ತಮ್ಮ 99ನೇ ವಯಸ್ಸಿನಲ್ಲಿ, 2016ರಲ್ಲಿ ತೀರಿಕೊಂಡರು.

ಅದೇ 2016ರಲ್ಲಿ ಒಂಬತ್ತು ಕೌಂಟಿಗಳ ಮತದಾರರು ಜೌಗು ಮತ್ತು ದಂಡೆಯ ಕೆಲಸಗಳಿಗಾಗಿ ಪ್ರತಿ ಆಸ್ತಿಗೆ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು 20 ವರ್ಷಗಳ ಕಾಲ ತಾವೇ ತಮ್ಮ ಮೇಲೆ ಹಾಕಿಕೊಂಡರು. ಅಂಗೀಕಾರಕ್ಕೆ ಮೂರನೇ ಎರಡು ಭಾಗ ಮತ ಬೇಕಿತ್ತು, ಅದಕ್ಕಿಂತ ಹೆಚ್ಚೇ ಬಂತು.

ಇನ್ನೂ ಮುಗಿಯದ ಕೆಲಸ

ಎಲ್ಲವೂ ಸರಿಯಾಗಿದೆ ಎಂದಲ್ಲ. ಓಕ್ಲೆಂಡಿನಿಂದ ಹೊರಡುವ ಬೇ ಬ್ರಿಜ್‌ನ ಪೂರ್ವದ ತುಂಡಿಗೆ 2013ರಲ್ಲಿ ಸೈಕಲ್ ದಾರಿ ಬಂತು, 2016ರಲ್ಲಿ ಅದು ನಡುವಿನ ದ್ವೀಪವನ್ನು ಮುಟ್ಟಿತು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋಗುವ ಪಶ್ಚಿಮದ ತುಂಡಿಗೆ ಇನ್ನೂ ದಾರಿಯಿಲ್ಲ. ಸೈಕಲ್‌ನವರು ದೋಣಿ ಹತ್ತಬೇಕು. ಉತ್ತರದ ರಿಚ್ಮಂಡ್–ಸ್ಯಾನ್ ರಫೇಲ್ ಸೇತುವೆಗೆ 2019ರಲ್ಲಿ ಸೈಕಲ್ ದಾರಿ ತೆರೆದಾಗ ಜನ ಹಬ್ಬ ಮಾಡಿದರು. ಆದರೆ ಕಾರುಗಳ ದಟ್ಟಣೆಯ ಕಾರಣ ಹೇಳಿ ಅದನ್ನು ವಾರದ ಮೊದಲ ದಿನಗಳಲ್ಲಿ ಮುಚ್ಚಿ ವಾರಾಂತ್ಯಕ್ಕೆ ಸೀಮಿತಗೊಳಿಸುವ ತೀರ್ಮಾನ 2025ರಲ್ಲಿ ಆಯಿತು. ಕೊಟ್ಟದ್ದನ್ನು ಹಿಂದೆ ಪಡೆಯುವುದು ಹೇಗೆ ಎಂದು ಯಾವ ದೇಶದಲ್ಲೂ ಕಲಿಸಬೇಕಾಗಿಲ್ಲ. ಜೊತೆಗೆ ಸಮುದ್ರ ಮಟ್ಟ ಏರುತ್ತಿದೆ. ತಗ್ಗಿನಲ್ಲಿರುವ ದಾರಿಗಳನ್ನು ದೊಡ್ಡ ಉಬ್ಬರದ ನೀರು ಮುಟ್ಟುವ ಭಯವಿದೆ. ಅಲೆಯ ಹೊಡೆತ ತಡೆಯಲು ಗೋಡೆಗಿಂತ ಜೌಗು ಹುಲ್ಲೇ ವಾಸಿಯೆಂದು ಈಗ ಎಂಜಿನಿಯರುಗಳೂ ಹೇಳುತ್ತಿದ್ದಾರೆ. ಹಕ್ಕಿಗೆಂದು ಉಳಿಸಿದ್ದು ಮನುಷ್ಯನನ್ನೂ ಕಾಯುತ್ತಿದೆ.

ಹೆಣ್ಣು ಮಕ್ಕಳು ಮತ್ತು ಸೈಕಲ್

ಒಂದು ದಾರಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಅದರ ಅಗಲ ಅಳೆಯಬೇಕಾಗಿಲ್ಲ. ಅಲ್ಲಿ ಯಾರು ಬರುತ್ತಾರೆಂದು ನೋಡಿದರೆ ಸಾಕು. ಗಟ್ಟಿಮುಟ್ಟಾದ ಯುವಕರು ಎಂತಹ ರಸ್ತೆಯಲ್ಲೂ ಸೈಕಲ್ ಓಡಿಸುತ್ತಾರೆ. ಹೆಂಗಸರು, ಮಕ್ಕಳು, ಮುದುಕರು ಬರುತ್ತಿದ್ದರೆ ಆ ದಾರಿ ಸುರಕ್ಷಿತ ಎಂದು ಅರ್ಥ. ಫ್ರೀಮಾಂಟ್‌ನಲ್ಲಿ ಅಫಘಾನ್ ಕುಟುಂಬಗಳು ತುಂಬಾ ಇವೆ. ಊರಿನ ಒಂದು ಭಾಗವನ್ನು ‘ಪುಟ್ಟ ಕಾಬೂಲ್’ ಎಂದೇ ಕರೆಯುತ್ತಾರೆ. ಯುದ್ಧದಿಂದ ಓಡಿ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ತೊರೆಯ ಏರಿಯ ಮೇಲೆ ಶಿರವಸ್ತ್ರ ಧರಿಸಿದ ಅಜ್ಜಿಯರು ಸಲಾಂ ಹೇಳಿ ಸಾಗುತ್ತಾರೆ. ಸ್ಕಾರ್ಫಿನ ಮೇಲೆ ಹೆಲ್ಮೆಟ್ ಹಾಕಿಕೊಂಡ ಹುಡುಗಿಯರು ಗಂಟೆ ಬಾರಿಸಿ ಮುಂದೆ ಹೋಗುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅದೇ: ಯಾರೂ ತಿರುಗಿ ನೋಡದಿರುವುದು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಬಡ ಹೆಣ್ಣು ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ಹಳ್ಳಿಗಳ ರಸ್ತೆಯ ನೋಟವೇ ಬದಲಾಗಿತ್ತು. ಬೆಳಗ್ಗೆ ಸಮವಸ್ತ್ರದ ಹುಡುಗಿಯರ ಸಾಲು. ಆದರೆ ಹತ್ತನೇ ತರಗತಿ ಮುಗಿದ ಮೇಲೆ ಆ ಸೈಕಲ್‌ಗಳಲ್ಲಿ ಎಷ್ಟೋ ಗೋಡೆಗೆ ಒರಗಿ ತುಕ್ಕು ಹಿಡಿದವು, ಇಲ್ಲವೇ ತಮ್ಮನ ಪಾಲಾದವು. ಶಾಲೆಗೆ, ಆಸ್ಪತ್ರೆಗೆ, ರೇಷನ್ ಅಂಗಡಿಗೆ ಹೋಗಲು ಹೆಣ್ಣಿಗೆ ದಾರಿ ಬಿಡುತ್ತೇವೆ. ಸುಮ್ಮನೆ ಗಾಳಿಗೆ ಮುಖವೊಡ್ಡಿ ಒಂದು ಗಂಟೆ ಹೋಗಿ ಬರಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಂದು ವೈದ್ಯರ ಬಳಿ ಹೋದರೆ ಅವರು ಬರೆಯುವ ಮೊದಲ ಔಷಧವೇ ನಡಿಗೆ. ನಡೆಯಲು ಜಾಗ ಎಲ್ಲಿ ಎಂದು ಅವರು ಬರೆದು ಕೊಡುವುದಿಲ್ಲ.

ಹೋಗುವವರಿಗೆ ಕೆಲವು ಮಾತು

ಆ ಕಡೆ ಮಕ್ಕಳಿರುವ ಸಹೋದರಿಯರು ಹೋದಾಗ ಈ ಅವಕಾಶ ಕಳೆದುಕೊಳ್ಳಬಾರದು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೊರಡುವುದು ಒಳ್ಳೆಯದು. ಝುಹರ್ ಹೊತ್ತಿಗೆ ಸಮುದ್ರದ ಕಡೆಯಿಂದ ಬಲವಾದ ಗಾಳಿ ಏಳುತ್ತದೆ. ಡಂಬಾರ್ಟನ್ ಸೇತುವೆಯ ಮೇಲೆ ಪಶ್ಚಿಮಕ್ಕೆ ಹೋಗುವಾಗ ಅದು ಎದೆಗೇ ಹೊಡೆಯುತ್ತದೆ. ನೆರಳು ಕಡಿಮೆ, ಸೇತುವೆಯ ಮೇಲೆ ನೀರು ಸಿಗುವುದಿಲ್ಲ. ಬಾಟಲಿಯಲ್ಲಿ ನೀರು, ನಾಲ್ಕು ಖರ್ಜೂರ ಜೊತೆಗಿರಲಿ. ಬಿಸಿಲಿದ್ದರೂ ಗಾಳಿ ತಣ್ಣಗಿರುವುದರಿಂದ ಸ್ವೆಟರ್ ಬೇಕೇ ಬೇಕು. ಉದ್ದನೆಯ ಉಡುಪು ಧರಿಸುವವರು ಚೈನ್ ಮುಚ್ಚಿರುವ, ಹಿಂದಿನ ಚಕ್ರಕ್ಕೆ ಜಾಲರಿ ಇರುವ ಸೈಕಲನ್ನೇ ಆರಿಸಬೇಕು. ದುಪಟ್ಟದ ತುದಿಯನ್ನು ಒಳಗೆ ಸಿಕ್ಕಿಸಿ ಪಿನ್ ಹಾಕಬೇಕು. 18 ವರ್ಷದೊಳಗಿನವರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆಲ್ಮೆಟ್ ಕಾನೂನಿನಿಂದಲೇ ಕಡ್ಡಾಯ, ದೊಡ್ಡವರಿಗೆ ಬುದ್ಧಿಯಿಂದ ಕಡ್ಡಾಯ. ಹೋಗುವಾಗಿನ ಉತ್ಸಾಹ ಬರುವಾಗ ಇರುವುದಿಲ್ಲ. ದಣಿದರೆ ಸೇತುವೆ ದಾಟುವ ಬಸ್ಸಿನ ಮುಂಭಾಗದ ಕಂಬಿಗೆ ಸೈಕಲ್ ಸಿಕ್ಕಿಸಿ ಬಸ್ಸಿನಲ್ಲೇ ಮರಳಬಹುದು. ಸೇತುವೆ ಬೇಡವೆನಿಸಿದವರಿಗೆ ತೊರೆಯ ಏರಿಯ ಮೇಲೆ ಎರಡು ಮೂರು ಕಿಲೋಮೀಟರ್ ಹೋಗಿ ಬಂದರೂ ಸಾಕು. ಸೈಕಲ್ ಬಾರದವರು ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ನಡೆಯಬಹುದು.

ಅಲ್ಲಿಗೆ ಹೋಗದವರೂ ಇದರಿಂದ ತಿಳಿಯಬೇಕಾದದ್ದು ಇದೆ. ಆ ಮೂವರು ಹೆಂಗಸರು ಸೈಕಲ್ ದಾರಿ ಬೇಕೆಂದು ಕೇಳಲಿಲ್ಲ. ನೀರು ನೀರಾಗಿಯೇ ಇರಲಿ ಎಂದಷ್ಟೇ ಕೇಳಿದರು. ದಾರಿಯ ಕಾನೂನು ಬಂದದ್ದು ಅವರ ಮೊದಲ ಸಭೆಯಾಗಿ ಇಪ್ಪತ್ತಾರು ವರ್ಷಗಳ ನಂತರ. ಕೊಲ್ಲಿ ಉಳಿದಿರದಿದ್ದರೆ ದಂಡೆ ಇರುತ್ತಿರಲಿಲ್ಲ, ದಂಡೆ ಇಲ್ಲದಿದ್ದರೆ ದಾರಿ ಬರುತ್ತಿರಲಿಲ್ಲ. ನಮ್ಮ ಊರಿನ ಕೆರೆಯ ಏರಿ, ಹೊಳೆಯ ದಡ, ಕಡಲಿನ ಮರಳು ಇಂದು ಯಾರ ಬೇಲಿಯೊಳಗೆ ಸೇರುತ್ತಿದೆ ಎಂದು ವಾರ್ಡ್ ಸಭೆಯಲ್ಲಿ, ಪಂಚಾಯತಿಯಲ್ಲಿ ಎದ್ದು ನಿಂತು ಕೇಳಲು ದೊಡ್ಡ ಓದು ಬೇಕಾಗಿಲ್ಲ. ಉತ್ತರ ಸಿಗುವವರೆಗೆ ಮುಂದಿನ ಸಭೆಗೂ ಹೋಗುವಷ್ಟು ಹಠ ಇದ್ದರೆ ಸಾಕು. ಅದರ ಫಲ ನಮಗೆ ಸಿಗದಿರಬಹುದು. ಮೊಮ್ಮಗಳು ಒಂದು ದಿನ ಆ ದಂಡೆಯ ಮೇಲೆ ಯಾರ ಹೆದರಿಕೆಯೂ ಇಲ್ಲದೆ ಸೈಕಲ್ ತುಳಿದುಕೊಂಡು ಹೋದರೆ, ಆ ಫಲ ಯಾರ ಪಾಲಿಗೆ ಬಂದಂತಾಯಿತು?